ಸಂಘರ್ಷದ ದಿನಗಳಲ್ಲಿ ದೃಶ್ಯ–ಶ್ರವ್ಯ ಕಲೆಯ ಪಾಠ: ಶಿಕ್ಷಕರಿಗೊಂದು ಕೈಪಿಡಿ

ಗುಂಡಿನ ಸದ್ದಿನ ನಡುವೆ ಅಥವಾ ನಿರಾಶ್ರಿತರ ಶಿಬಿರದಲ್ಲಿ ಪಾಠ ಮಾಡುವ ಶಿಕ್ಷಕರು, ಮಕ್ಕಳಿಗೆ ಏನು ತೋರಿಸಬೇಕು ಎಂಬುದಕ್ಕಿಂತ ಮಕ್ಕಳಿಂದ ಏನು ಮಾಡಿಸಬೇಕು ಎಂಬುದನ್ನು ಮೊದಲು ಯೋಚಿಸಬೇಕು. ಕಣ್ಣಾರೆ ಕಂಡ ಸ್ಫೋಟವನ್ನೇ ಪರದೆಯ ಮೇಲೆ ಮತ್ತೆ ಕಂಡ ಮಗುವಿಗೆ ಭಯ ಮರುಕಳಿಸಬಹುದು. ಅದೇ ಮಗು ಕಾಗದದ ಹಕ್ಕಿಯೊಂದನ್ನು ಕತ್ತರಿಸಿ, ತುಸುತುಸುವೇ ಸರಿಸುತ್ತಾ ಫೋಟೊ ತೆಗೆದು ಪರದೆಯ ಮೇಲೆ ಹಾರಿಸಿದಾಗ, ತನ್ನ ಮಾತು ಕೇಳುವ ಪುಟ್ಟ ಜಗತ್ತೊಂದು ಅದರ ಕೈಗೆ ಸಿಗುತ್ತದೆ.

ಇದಕ್ಕೆ ಹಳೆಯ ನಿದರ್ಶನವಿದೆ. 1942ರ ಕೊನೆಯಲ್ಲಿ ನಾಜಿಗಳ ಟೆರೆಜೀನ್ ಬಂಧನಶಿಬಿರಕ್ಕೆ ಬಂದ ಕಲಾವಿದೆ ಫ್ರೀಡ್ಲ್ ಡಿಕರ್–ಬ್ರಾಂಡೈಸ್ ಅಲ್ಲಿನ ಮಕ್ಕಳಿಗೆ ಚಿತ್ರಕಲೆ ಕಲಿಸಿದರು. ಲಯಕ್ಕೆ ತಕ್ಕಂತೆ ಗೆರೆ ಎಳೆಸಿದರು, ಚಿತ್ರಗಳ ಮೇಲೆ ಮಕ್ಕಳ ಸ್ವಂತ ಹೆಸರು ಬರೆಸಿದರು. 1944ರಲ್ಲಿ ಆಕೆಯನ್ನು ಆಷ್ವಿಟ್ಜ್‌ಗೆ ಒಯ್ದು ಕೊಂದರು. ಎರಡು ಪೆಟ್ಟಿಗೆಗಳಲ್ಲಿ ಅಡಗಿಸಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದುಕೊಂಡವು.

ದೃಶ್ಯಕ್ಕಿಂತ ಮೊದಲು ಧ್ವನಿಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಒಂದು ಫೋನು ಸಾಕು ಮತ್ತು ಯಾರ ಮುಖವೂ ಕಾಣಿಸಬೇಕಾಗಿಲ್ಲ. ಹಾಳೆ ಮಡಿಸುವುದು, ನೀರು ಸುರಿಯುವುದು, ಅಂಗೈ ಉಜ್ಜುವುದು ಮುಂತಾದ ಮೆಲುದನಿಗಳನ್ನು ಮುದ್ರಿಸಿ, ಅವುಗಳಿಂದ ಮಳೆಯನ್ನೋ ಕಾಡನ್ನೋ ಕಟ್ಟಲು ಹೇಳಿ. ಪ್ರತಿ ಸಲ ಕೇಳಿಸುವ ಮುನ್ನ ಯಾವ ಸದ್ದು ಬರಲಿದೆ ಎಂದು ತಿಳಿಸಿ. ಕಣ್ಣು ಮುಚ್ಚಿ ಕೇಳಿರೆಂದು ಒತ್ತಾಯಿಸಬೇಡಿ. ಎಚ್ಚರದಿಂದಲೇ ಬದುಕಿ ಬಂದ ಮಗುವಿಗೆ ಅದು ವಿಶ್ರಾಂತಿಯಲ್ಲ, ಶಿಕ್ಷೆ. ಅಪಾಯದ ಸೈರನ್ ಮೊಳಗುವ ಪ್ರದೇಶವಾದರೆ ಹೆಡ್‌ಫೋನ್ ಬಳಸಲೇಬಾರದು.

ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳಿರುವುದು ವಾಡಿಕೆಯಾದರೂ, ಮಕ್ಕಳ ಕಾಗದದ ಆ್ಯನಿಮೇಷನ್‌ಗೆ 8 ಸಾಕು. ಹತ್ತು ಸೆಕೆಂಡಿನ ಕಥೆಗೆ 80 ಚಿತ್ರಗಳು ಬೇಕೆಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ. ನಿಂತುಹೋದ ಗಣಿತ ಪಾಠ ಅಲ್ಲಿಂದಲೇ ಮುಂದುವರಿಯಲಿ. ಫೋನನ್ನು ಮೇಜಿನ ಅಂಚಿಗೆ ಅಲುಗದಂತೆ ಕಟ್ಟಿ, ಒಬ್ಬರು ಕಾಗದದ ಗೊಂಬೆಯನ್ನು ತುಸುವೇ ಸರಿಸಬೇಕು, ಒಬ್ಬರು ಕ್ಲಿಕ್ಕಿಸಬೇಕು, ಒಬ್ಬರು ಎಣಿಸಬೇಕು. ವಿದ್ಯುತ್ತಿಲ್ಲದ ಕಡೆ ಪುಸ್ತಕದ ಅಂಚಿನಲ್ಲಿ ಬರೆದು ಸರಸರನೆ ಮಗುಚುವ ಚಿತ್ರಗಳೂ, ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಸೂಜಿರಂಧ್ರ ಕೊರೆದು ಎದುರು ಬದಿಗೆ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿದ ಕ್ಯಾಮೆರಾವೂ ಸಾಕು. ಹೊರಗಿನ ದೃಶ್ಯ ಅದರಲ್ಲಿ ತಲೆಕೆಳಗಾಗಿ ಮೂಡುವುದೇಕೆ ಎಂಬುದು ವಿಜ್ಞಾನದ ಪಾಠ. ಇದೇ ಪ್ರಯೋಗಕ್ಕೆ ಇಡೀ ಕೋಣೆಯನ್ನು ಕತ್ತಲು ಮಾಡುವ ಆಸೆ ನನಗೂ ಆಗುತ್ತದೆ. ಆದರೆ ಕತ್ತಲಿಗೆ ಹೆದರುವ ಮಕ್ಕಳಿರುವಾಗ ಪೆಟ್ಟಿಗೆಯೇ ಮೇಲು.

ಕಥೆಯ ವಸ್ತುವನ್ನು ಮಕ್ಕಳೇ ಆರಿಸಿಕೊಳ್ಳಲಿ. 'ಅಂದು ಏನಾಯಿತು, ಹೇಳು' ಎಂದು ಕೆದಕುವುದಾಗಲಿ, ಕಪ್ಪು ಬಣ್ಣ ಬಳಿದದ್ದಕ್ಕೆ ಅರ್ಥ ಹಚ್ಚುವುದಾಗಲಿ ಶಿಕ್ಷಕರ ಕೆಲಸವಲ್ಲ. ಮಗು ಅತ್ತರೆ ಚಿತ್ರೀಕರಣ ನಿಲ್ಲಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ. ಸಂಕಟ ದಿನಗಟ್ಟಲೆ ಉಳಿದರೆ ಮನೆಯವರೊಂದಿಗೆ ಮಾತನಾಡಿ, ಆಪ್ತಸಮಾಲೋಚಕರ ನೆರವು ಪಡೆಯಿರಿ. ಸುಮ್ಮನೆ ನೋಡುತ್ತಾ ಕೂರುವುದಕ್ಕೂ ಅವಕಾಶವಿರಲಿ.

ಟೆರೆಜೀನ್‌ನ ಮಕ್ಕಳಿಗೆ ಹೆಸರು ಬರೆಯುವುದು ಘನತೆಯಾಗಿತ್ತು. ಇಂದಿನ ಡಿಜಿಟಲ್ ಕಡತದಲ್ಲಿ ಅದೇ ಹೆಸರು ಅಪಾಯ ತರಬಹುದು. ಆದ್ದರಿಂದ ಪ್ರತಿ ಮಗುವೂ ತನಗೊಂದು ಗುರುತನ್ನು, ಎಲೆಯನ್ನೋ ನಕ್ಷತ್ರವನ್ನೋ, ಆರಿಸಿಕೊಳ್ಳಲಿ. ಫೋನಿನ ಕ್ಯಾಮೆರಾ ಚಿತ್ರದೊಳಗೇ ಸ್ಥಳದ ಮಾಹಿತಿಯನ್ನು ದಾಖಲಿಸಬಲ್ಲದು. ಆ ಸೌಲಭ್ಯವನ್ನು ಮೊದಲೇ ನಿಷ್ಕ್ರಿಯಗೊಳಿಸಿ. ಕಿಟಕಿಯಾಚೆಯ ಕಟ್ಟಡ, ನಾಮಫಲಕ, ಸಮವಸ್ತ್ರಗಳು ಚೌಕಟ್ಟಿನೊಳಗೆ ಬರಬಾರದು. ಧ್ವನಿಯಿಂದಲೂ ವ್ಯಕ್ತಿಯನ್ನು ಗುರುತಿಸಬಹುದಾದ್ದರಿಂದ, ಹೊರಗೆ ತೋರಿಸುವ ಚಿತ್ರಕ್ಕೆ ಮಾತಿನ ಬದಲು ಮಕ್ಕಳು ಕಟ್ಟಿದ ಸದ್ದುಗಳನ್ನೇ ಜೋಡಿಸಿ.

ಮೊದಲ ಪ್ರದರ್ಶನ ತರಗತಿಯೊಳಗೇ ನಡೆಯಲಿ. ಅದಾಚೆ ತೋರಿಸಲು ಪೋಷಕರ ಒಪ್ಪಿಗೆಯೂ ಮಗುವಿನ ಒಪ್ಪಿಗೆಯೂ ಬೇಕು. ಮಗು ಅಳಿಸಿಬಿಡಿ ಎಂದರೆ, ಕಾರಣ ಕೇಳದೆ ಅದರ ಕಣ್ಣೆದುರೇ ಅಳಿಸಿ, ಅಳಿಸಿದ ಕಡತಗಳು ಉಳಿಯುವ ಜಾಗದಿಂದಲೂ ತೆಗೆದುಹಾಕಿ.