ಬಚ್ಚಲುಮನೆಗೆ ಕಾವಿ ನೆಲ: ಹಳೆಯದನ್ನು ಒಡೆಯುವುದರಿಂದ ಹೊಸದನ್ನು ಒಣಗಿಸುವವರೆಗೆ

ಕಾಸರಗೋಡಿನ ಹಳೆಯ ಮನೆಗಳ ಚಾವಡಿಯಲ್ಲಿ ಬರಿಗಾಲಿಗೆ ತಂಪೆನಿಸುವ ಕೆಂಪು ನೆಲವನ್ನು ಇಂದಿಗೂ ಕಾಣಬಹುದು. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಿಂದ ತಿಕ್ಕಿ ನಯ ಮಾಡಿದ ಈ ಕಾವಿ ನೆಲವನ್ನು ಬಚ್ಚಲುಮನೆ ನವೀಕರಿಸುವಾಗ ಟೈಲ್ಸ್ ಬದಲಿಗೆ ಅಲ್ಲಿಗೂ ಹಾಕಿಸಬಹುದು. ಆದರೆ ಚಾವಡಿಯ ನೆಲ ದಿನಕ್ಕೊಮ್ಮೆ ಒದ್ದೆ ಬಟ್ಟೆ ಕಂಡರೆ, ಬಚ್ಚಲಿನ ನೆಲದ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ನೀರು ಹರಿಯುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಕಾಣದ ಅಡಿಪದರಕ್ಕೆ ಹೆಚ್ಚು ದಿನಗಳನ್ನು ಕೊಡಬೇಕಾಗುತ್ತದೆ.

ಒಡೆಯುವುದರಿಂದ ಹಿಡಿದು ಮತ್ತೆ ಸ್ನಾನಕ್ಕೆ ಇಳಿಯುವವರೆಗೆ ಒಂದೂವರೆ ತಿಂಗಳು ಬೇಕು. ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುವುದರಿಂದ ನೆಲ ಒಣಗುವ ಭರವಸೆಯಿಲ್ಲ. ದೀಪಾವಳಿ ಕಳೆದ ಮೇಲೆ ಕೆಲಸ ಆರಂಭಿಸುವುದು ಒಳ್ಳೆಯದು.

ಮೊದಲು ಹಳೆಯ ಟೈಲ್ಸನ್ನೂ ಅದರಡಿಯ ಸಡಿಲ ಗಾರೆಯನ್ನೂ ಪೂರ್ತಿಯಾಗಿ ಕಿತ್ತು, ಗಟ್ಟಿ ಕಾಂಕ್ರೀಟು ಕಾಣುವವರೆಗೆ ಕೆರೆದು ತೆಗೆಯಬೇಕು. ಪೈಪುಗಳನ್ನೂ ನೆಲದ ನೀರು ಹೊರಹೋಗುವ ಬಾಯಿಯಾದ ನಹಾನಿ ಟ್ರ್ಯಾಪನ್ನೂ ಬದಲಿಸುವುದಿದ್ದರೆ ಈಗಲೇ ಬದಲಿಸಬೇಕು, ಏಕೆಂದರೆ ಕಾವಿ ನೆಲವನ್ನು ಆಮೇಲೆ ಒಡೆದು ತೇಪೆ ಹಾಕಿದರೆ ಗುರುತು ಉಳಿಯದೆ ಇರುವುದಿಲ್ಲ. ನಮ್ಮ ಕಡೆಯ ಮನೆಗಳ ಗೋಡೆ ಹೆಚ್ಚಾಗಿ ಕೆಂಪುಕಲ್ಲಿನದು. ಈ ಕಲ್ಲು ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರುವ ಕಾರಣ ನೆಲದ ತೇವವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಆದ್ದರಿಂದ ಗೋಡೆಯ ಬುಡಕ್ಕೆ ಸಿಮೆಂಟು ಗಾರೆ ಬಳಿದು, ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಗಾರೆಯಿಂದಲೇ ಉರುಟಾಗಿ ತುಂಬಿಸಿ, ಅದು ಗಟ್ಟಿಯಾದ ಮೇಲೆ ಸಿಮೆಂಟು ಆಧಾರಿತ ವಾಟರ್‌ಪ್ರೂಫ್ ಲೇಪವನ್ನು ಎರಡು ಬಾರಿ, ಒಂದಕ್ಕೊಂದು ಅಡ್ಡವಾಗಿ ಹಚ್ಚಬೇಕು. ಲೇಪ ಗೋಡೆಯ ಮೇಲೆ ಕನಿಷ್ಠ ಒಂದು ಅಡಿ, ಸ್ನಾನ ಮಾಡುವ ಕಡೆ ಐದಾರು ಅಡಿ ಎತ್ತರಕ್ಕೆ ಏರಲಿ.

ಲೇಪ ಒಣಗಿದ ಬಳಿಕ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಮಟ್ಟವನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ, 48 ಗಂಟೆ ಕಾಯಬೇಕು. ಕೆಳಗಿನ ಕೋಣೆಯ ಚಾವಣಿಯಲ್ಲಿ ಅಥವಾ ಪಕ್ಕದ ಗೋಡೆಯಲ್ಲಿ ತೇವ ಕಂಡರೆ ಮುಂದಿನ ಕೆಲಸಕ್ಕೆ ಕೈಹಾಕಲೇಬಾರದು. ಕೆಲಸದವರಿಗೆ ಎರಡು ದಿನದ ಕೂಲಿ ತಪ್ಪುತ್ತದೆಂದು ಈ ಪರೀಕ್ಷೆಯನ್ನು ಬಿಡಲು ಒಪ್ಪಿಕೊಂಡವರು ಮುಂದೆ ಇಡೀ ನೆಲವನ್ನೇ ಕಿತ್ತದ್ದನ್ನು ನಾನು ನೋಡಿದ್ದೇನೆ.

ಇನ್ನು ಇಳಿಜಾರು. ಐದು ಅಡಿ ಅಗಲ, ಎಂಟು ಅಡಿ ಉದ್ದದ ಬಚ್ಚಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 80 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇಳಿಜಾರು ಕೊಟ್ಟರೆ, ಎಂಟು ಅಡಿಯ ಒಂದು ತುದಿಯಿಂದ ಇನ್ನೊಂದು ತುದಿಯಲ್ಲಿರುವ ಟ್ರ್ಯಾಪಿಗೆ ಸುಮಾರು ಒಂದೂಕಾಲು ಇಂಚು ತಗ್ಗು ಬರುತ್ತದೆ. ಟೈಲ್ಸಿನಲ್ಲಿ ಇಳಿಜಾರು ಎಲ್ಲಿ ತಪ್ಪಿದೆಯೆಂದು ಗೆರೆ ನೋಡಿ ತಿಳಿಯಬಹುದು, ಕಾವಿ ನೆಲದಲ್ಲಿ ನೀರು ನಿಂತ ಮೇಲೆಯೇ ತಿಳಿಯುವುದು. ಆದ್ದರಿಂದ ರಸಮಟ್ಟ ಮತ್ತು ನೂಲು ಹಿಡಿದು, ನಾಲ್ಕೂ ಮೂಲೆಗಳಲ್ಲಿ ಗಾರೆಯ ಗುರುತು ಇಟ್ಟುಕೊಂಡೇ ಮುಂದುವರಿಯಬೇಕು. ಮುಗಿದ ನೆಲ ಹೊರಗಿನ ಕೋಣೆಗಿಂತ ಒಂದು ಇಂಚು ಕೆಳಗಿರಲಿ.

ಸಾಮಗ್ರಿಯಲ್ಲಿ ಮರಳಿಗೆ ಮೊದಲ ಗಮನ ಕೊಡಬೇಕು. ಅಳಿವೆಯ ಹತ್ತಿರದಿಂದ ತಂದ ಮರಳಿನಲ್ಲಿ ಉಪ್ಪು ಇರುತ್ತದೆ. ಅದು ನೆಲದ ಮೇಲೆ ಬಿಳಿಯಾಗಿ ಮೂಡಿ ಕೆಂಪನ್ನು ಮಸುಕು ಮಾಡುತ್ತದೆ. ಮರಳು ತೊಳೆದದ್ದಾಗಿರಬೇಕು, ಇಲ್ಲವೇ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಸಬೇಕು. ಬಣ್ಣಕ್ಕೆ ಐರನ್ ಆಕ್ಸೈಡ್ ಪುಡಿಯೇ ಆಗಬೇಕು, ಏಕೆಂದರೆ ಅದು ಸಿಮೆಂಟಿನ ಸುಣ್ಣಕ್ಕೂ ಬಿಸಿಲಿಗೂ ಮಾಸುವುದಿಲ್ಲ. ಹಳದಿ ಅಥವಾ ಹಸಿರು ನೆಲ ಬೇಕೆನ್ನುವವರು ಬಿಳಿ ಸಿಮೆಂಟು ಬಳಸಬೇಕು, ಬೂದು ಸಿಮೆಂಟಿನಲ್ಲಿ ಆ ಬಣ್ಣಗಳು ಕೊಳಕಾಗಿ ಕಾಣುತ್ತವೆ.

ನಾವು ತೆಗೆದುಕೊಂಡ 40 ಚದರ ಅಡಿಗೆ 10 ಮಿಲಿಮೀಟರ್ ದಪ್ಪದ ಬಣ್ಣದ ಪದರ ಹಾಕಲು, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳಿನಂತೆ, ಅರ್ಧ ಚೀಲ ಅಂದರೆ 25 ಕಿಲೋ ಸಿಮೆಂಟು ಸಾಕು. ಸಿಮೆಂಟಿನ ತೂಕದ ಶೇಕಡಾ 5ರ ಲೆಕ್ಕದಲ್ಲಿ ಆಕ್ಸೈಡ್ 1.25 ಕಿಲೋ ಬೇಕು. ಗಾಢ ಬಣ್ಣ ಬೇಕಾದರೆ ಹೆಚ್ಚಿಸಬಹುದು, ಆದರೆ ಶೇಕಡಾ 10 ಮೀರಿದರೆ ನೆಲದ ಗಟ್ಟಿತನ ತಗ್ಗುತ್ತದೆ. ಇಡೀ ಬಚ್ಚಲಿಗೆ ಬೇಕಾದ ಸಿಮೆಂಟನ್ನೂ ಆಕ್ಸೈಡನ್ನೂ ಒಣಗಿರುವಾಗಲೇ ಒಟ್ಟಿಗೆ ಬೆರೆಸಿ, ಮೂರು ಬಾರಿ ಜರಡಿ ಹಿಡಿದು, ಒಂದೇ ರಾಶಿಯಾಗಿ ಇಟ್ಟುಕೊಳ್ಳಬೇಕು. ಅರ್ಧದಲ್ಲಿ ಪುಡಿ ಸಾಲದೆ ಮತ್ತೆ ಬೆರೆಸಿದರೆ ಎರಡು ಬಗೆಯ ಕೆಂಪು ಕಣ್ಣಿಗೆ ಹೊಡೆಯುತ್ತದೆ. ನೀರು ಹೆಚ್ಚಾದಷ್ಟೂ ಬಣ್ಣ ತೆಳುವಾಗುವುದರಿಂದ ಪ್ರತಿ ಬುಟ್ಟಿಗೂ ಅಳೆದೇ ಹಾಕಬೇಕು.

ನೆಲ ಹಾಕುವ ದಿನ ಬೆಳಿಗ್ಗೆ ಸಣ್ಣ ಜಲ್ಲಿಯ 1:2:4 ಕಾಂಕ್ರೀಟನ್ನು (ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ) ಇಳಿಜಾರಿಗೆ ಸರಿಯಾಗಿ ಹರಡಿ, ಮಟ್ಟಗೋಲಿನಿಂದ ಎಳೆದು, ಮೇಲ್ಮೈಯನ್ನು ಒರಟಾಗಿಯೇ ಬಿಡಬೇಕು. ಅದು ಪೂರ್ತಿ ಗಟ್ಟಿಯಾಗುವ ಮೊದಲೇ, ಅಂದೇ, ಬಣ್ಣದ ಪದರ ಹಾಕಿದರೆ ಎರಡೂ ಒಂದಾಗುತ್ತವೆ. ನಡುವೆ ಗೆರೆ ಬೇಕಿದ್ದರೆ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಕೂರಿಸಬಹುದು. ಅಲ್ಯೂಮಿನಿಯಂ ಹಸಿ ಸಿಮೆಂಟಿನಲ್ಲಿ ಸವೆಯುವುದರಿಂದ ಅದು ಬೇಡ. ಅಡಿಕೆ ಸಿಪ್ಪೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆಗಳಲ್ಲಿ ಒಲೆಯ ಮುಂದಿನ ಭಾಗವನ್ನು ಇಂಥ ಪಟ್ಟಿಯಿಂದ ಬೇರ್ಪಡಿಸಲೇಬೇಕು. ಅಲ್ಲಿ ಕಾವಿನಿಂದ ಬಿರುಕು ಬಂದರೂ ಆಗ ಉಳಿದ ನೆಲಕ್ಕೆ ಹಬ್ಬುವುದಿಲ್ಲ.

ಮೊದಲು ಮರದ ಹಲಗೆಯಿಂದ, ಮೇಲಿನ ನೀರಿನ ಹೊಳಪು ಆರಿದ ಮೇಲೆ ಕರಣೆಯಿಂದ, ಹೆಬ್ಬೆರಳು ಒತ್ತಿದರೆ ಗುರುತು ಬೀಳದಂತಾದಾಗ ಇನ್ನೊಮ್ಮೆ ಕರಣೆಯಿಂದ ತಿಕ್ಕುವುದು ಕ್ರಮ. ನೀರು ಬೇಗ ಆರಲೆಂದು ಒಣ ಸಿಮೆಂಟು ಉದುರಿಸಿದರೆ ನೆಲದ ಮೇಲೆ ಜೇಡರ ಬಲೆಯಂಥ ಬಿರುಕುಗಳು ಹುಟ್ಟುತ್ತವೆ. ಕನ್ನಡಿಯಂತೆ ಹೊಳೆಯುವ ನೆಲವನ್ನು ನಾನೂ ಇಷ್ಟಪಡುತ್ತೇನೆ, ಆದರೆ ಸಾಬೂನು ನೀರು ಬಿದ್ದಾಗ ಅದರ ಮೇಲೆ ಜಾರಿ ಬೀಳುವವರು ಮನೆಯ ಅಜ್ಜ ಅಜ್ಜಿಯರು. ಹಾಗಾಗಿ ಸ್ನಾನದ ಜಾಗದಲ್ಲಿ ಕೊನೆಯ ತಿಕ್ಕುವಿಕೆಯನ್ನು ಬಿಟ್ಟು, ಒದ್ದೆ ಸ್ಪಂಜಿನಿಂದ ಮೆತ್ತಗೆ ಒರೆಸಿ ಮರಳಿನ ಕಣ ಅಂಗಾಲಿಗೆ ತಾಗುವಂತೆ ಮಾಡಬೇಕು.

ಮರುದಿನ ಟ್ರ್ಯಾಪ್ ಮುಚ್ಚಿ, ಎತ್ತರದ ಮೂಲೆಯೂ ಮುಳುಗುವಂತೆ ನೀರು ತುಂಬಿಸಿ, ಹತ್ತು ದಿನ ಹಾಗೆಯೇ ಇಡಬೇಕು. ಪ್ಲಾಸ್ಟಿಕ್ ಹೊದೆಸಿದರೆ ಅದರ ಮಡಿಕೆಗಳ ಗುರುತು, ಗೋಣಿ ಹಾಸಿದರೆ ಅದರ ಕಲೆ ಬಣ್ಣದ ನೆಲದಲ್ಲಿ ಉಳಿಯುತ್ತದೆ. ಆಮೇಲೆ ಕಿಟಕಿ ತೆರೆದಿಟ್ಟು ಒಣಗಲು ಬಿಡಬೇಕು. ಬಿಳಿ ಪುಡಿ ಮೂಡಿದರೆ ತೆಂಗಿನ ಸಿಪ್ಪೆಯಿಂದ ತಿಕ್ಕಿ ತೊಳೆದರೆ ಸಾಕು.

28 ದಿನಗಳಾದ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಾಳೆಯಡಿ ತೇವ ಕಾಣದಿದ್ದರೆ, ನೆಲ ನೀರು ಹೀರದಂತೆ ತಡೆಯುವ ದ್ರವವಾದ ಸೀಲರನ್ನು, ನೆಲದೊಳಗೆ ಇಳಿಯುವ ಬಗೆಯದನ್ನು, ಎರಡು ಬಾರಿ ಹಚ್ಚಬಹುದು. ಚಾವಡಿಯ ನೆಲಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ ವಾಡಿಕೆ ಬಚ್ಚಲಿಗೆ ಒಗ್ಗುವುದಿಲ್ಲ, ಅದು ಜಾರುತ್ತದೆ.

ಬಳಕೆಯಲ್ಲಿ ಈ ನೆಲಕ್ಕೆ ಹುಳಿ ಆಗದು. ಆಸಿಡ್ ಇರುವ ಕ್ಲೀನರ್ ಮಾತ್ರವಲ್ಲ, ತಾಮ್ರದ ಹಂಡೆಗೆ ಹುಣಸೆಹುಳಿ ಹಚ್ಚಿ ನೆಲದ ಮೇಲೆಯೇ ಉಜ್ಜಿದರೂ ಅಲ್ಲಿ ಮೈ ಒರಟಾಗಿ ಬಣ್ಣ ಮಂಕಾಗುತ್ತದೆ. ಚೆಲ್ಲಿದ ನೀರು ಹನಿಯಾಗಿ ನಿಲ್ಲದೆ ನೆಲ ಅದನ್ನು ಹೀರಿ ಕಪ್ಪಾಗತೊಡಗಿದಾಗ ಸೀಲರನ್ನು ಮತ್ತೆ ಹಚ್ಚಬೇಕು. ಉಳಿದ ಆಕ್ಸೈಡ್ ಪುಡಿಯನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ, ಬೆರೆಸಿದ ಅಳತೆಯನ್ನು ಅದರ ಮೇಲೆಯೇ ಬರೆದಿಟ್ಟರೆ, ಮುಂದೆ ಸಣ್ಣ ಚಕ್ಕೆ ಎದ್ದಾಗ ಅದೇ ಕೆಂಪಿನಿಂದ ತುಂಬಬಹುದು.