ಗ್ರಾಮೀಣ ಬ್ಯಾಂಕ್ ಆಫೀಸರ್ ಸಂದರ್ಶನ: ಎರಡನೇ ಸಲ ನಾನು ತಯಾರಾದ ಬಗೆ

ನನ್ನ ಮೊದಲ ಬ್ಯಾಂಕ್ ಸಂದರ್ಶನ 2024ರ ಶುರುವಿನಲ್ಲಿ ಆಯಿತು. ಪಿಒ, ಅಂದರೆ ಪ್ರೊಬೇಷನರಿ ಆಫೀಸರ್ ಹುದ್ದೆಗೆ. ಅಂಕಪಟ್ಟಿ ಬಂದಾಗ ನೋಡಿದರೆ 100ಕ್ಕೆ 38. ಸಾಮಾನ್ಯ ವರ್ಗಕ್ಕೆ 40, ಒಬಿಸಿಗೆ 35 ಬಂದರೆ ಅರ್ಹತೆ ಸಿಗುತ್ತದೆ, ನಾನು ಒಬಿಸಿ, ಹಾಗಾಗಿ ಫೇಲ್ ಅಂತಲ್ಲ. ಆದರೆ ಕೊನೆಯ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಆ ದಿನ ಏನಾಯಿತು ಅಂತ ಹೇಳಬೇಕು. ನಾನು ಇಂಗ್ಲಿಷಿನಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ರೆಪೊ ದರ ಅಂದರೇನು ಅಂತ ಕೇಳಿದರು, ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ ಅಂತ ಪಟಪಟ ಹೇಳಿದೆ. "ಸರಿ, ಅದು ಏರಿದರೆ ಮನೆಸಾಲ ತಗೊಂಡಿರುವ ಒಬ್ಬ ಮೇಷ್ಟ್ರಿಗೆ ಏನಾಗುತ್ತೆ?" ಅಂದರು. ಅಲ್ಲಿಗೆ ನಿಂತೆ. ಗೊತ್ತಿಲ್ಲ ಅನ್ನುವ ಬದಲು ಏನೋ ಒಂದು ಊಹಿಸಿದೆ, ಅವರು ಆ ಊಹೆಯನ್ನೇ ಹಿಡಿದು ಇನ್ನೊಂದು ಕೇಳಿದರು, ನಾನು ಮತ್ತೊಂದು ಊಹಿಸಿದೆ, ಹೀಗೆ ನಾಲ್ಕು ನಿಮಿಷ ಹೋಯಿತು. "ಬಿಎಸ್ಸಿ ಫಿಸಿಕ್ಸ್ ಓದಿ ಬ್ಯಾಂಕಿಗೆ ಯಾಕೆ?" ಅನ್ನುವುದಕ್ಕೆ ಕೋಚಿಂಗ್ ನೋಟ್ಸಿನ ಉತ್ತರ ಕೊಟ್ಟೆ. ನನ್ನ ಹಿಂದೆ ಬಂದ ಹುಡುಗನೂ ಅದನ್ನೇ ಹೇಳಿದನಂತೆ.

ಸಂದರ್ಶನಕ್ಕೆ ಇರುವುದು ಬರೀ 20 ಭಾಗ, ಉಳಿದ 80 ಮುಖ್ಯ ಪರೀಕ್ಷೆಯದು, ಅದಕ್ಕೇ ಸುಮಾರು ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. 38ರ ಬದಲು 68 ಬಂದರೆ ಒಟ್ಟಿನಲ್ಲಿ 6 ಅಂಕ ಜಾಸ್ತಿ. ಅರ್ಧ ಅಂಕಕ್ಕೆ ಕೆಲಸ ಕೈತಪ್ಪುವ ಪಟ್ಟಿಯಲ್ಲಿ 6 ಅಂಕ ಸಣ್ಣದಲ್ಲ.

ಅದೇ ವರ್ಷ ಗ್ರಾಮೀಣ ಬ್ಯಾಂಕಿನ ಆಫೀಸರ್ ಸ್ಕೇಲ್ 1ಕ್ಕೆ, ಅಂದರೆ ಮೊದಲ ಹಂತದ ಅಧಿಕಾರಿ ಹುದ್ದೆಗೆ ಬರೆದೆ, ಮುಖ್ಯ ಪರೀಕ್ಷೆ ಪಾಸಾಯಿತು, ನವೆಂಬರಿನಲ್ಲಿ ಸಂದರ್ಶನ. ಈ ಸಲ ನೋಟ್ಸ್ ಮುಟ್ಟುವ ಮೊದಲು ನಾನು ತುಂಬಿದ್ದ ಬಯೋಡೇಟಾವನ್ನೇ ಮುಂದೆ ಇಟ್ಟುಕೊಂಡು ಕೂತೆ. ಹೆಸರು, ಊರು, ಜಿಲ್ಲೆ, ಡಿಗ್ರಿ, ಹವ್ಯಾಸ, ಅಪ್ಪನ ಉದ್ಯೋಗ. ಒಂದೊಂದು ಪದದ ಕೆಳಗೂ ಐದೈದು ಪ್ರಶ್ನೆ ಬರೆದೆ. ಊರು ಕುಷ್ಟಗಿ ತಾಲ್ಲೂಕು ಅಂತ ಬರೆದ ಮೇಲೆ ಅಲ್ಲಿ ಏನು ಬೆಳೀತಾರೆ, ಮಳೆ ಕೈಕೊಟ್ಟರೆ ಏನು ಮಾಡ್ತಾರೆ, ಜನ ಯಾವಾಗ ಗುಳೆ ಹೋಗ್ತಾರೆ, ಇದೆಲ್ಲ ಕೇಳಿಯೇ ಕೇಳುತ್ತಾರೆ ಅಲ್ವಾ? ಇಪ್ಪತ್ತಮೂರು ವರ್ಷ ಅಲ್ಲೇ ಬೆಳೆದವಳು ನಾನು, ಆದರೂ ಅರ್ಧದಷ್ಟಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಹಾಗಾಗಿ ಮನೆಯಲ್ಲೇ ಕೇಳಲು ಶುರು ಮಾಡಿದೆ. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಅವಳ ವಹಿ ತೆಗೆದು ಎರಡು ಸಂಜೆ ಕೂತು ಓದಿದೆ. ಯಾರು ಎಷ್ಟು ಉಳಿತಾಯ ಕಟ್ಟಿದ್ದಾರೆ, ಸಂಘದೊಳಗಿನ ಸಾಲಕ್ಕೆ ಬಡ್ಡಿ ಎಷ್ಟು, ಬ್ಯಾಂಕಿನಿಂದ ಬಂದದ್ದು ಎಷ್ಟು. ಒಂದು ಕಡೆ ಒಬ್ಬಾಕೆಯ ಎರಡು ಕಂತು ಬಾಕಿ ಬಿದ್ದಿತ್ತು, ಉಳಿದವರು ಸೇರಿ ಕಟ್ಟಿದ್ದರು, ಆಮೇಲೆ ಅವಳು ಶೇಂಗಾ ಮಾರಿ ತೀರಿಸಿದ್ದಳು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 1992ರಲ್ಲಿ ಶುರು ಮಾಡಿತು ಅನ್ನುವುದು ನನ್ನ ನೋಟ್ಸಿನಲ್ಲಿ ಮೊದಲಿಂದಲೂ ಇತ್ತು. ಅದರ ಅರ್ಥ ಆಗಿದ್ದು ಆ ಪುಟ ನೋಡಿದ ಮೇಲೆ.

ಅಪ್ಪನಿಂದ ಕಲಿತದ್ದು ಇನ್ನೂ ಜಾಸ್ತಿ. ಬೆಳೆಸಾಲಕ್ಕೆ 7% ಬಡ್ಡಿ, ಮೂರು ಲಕ್ಷದವರೆಗೆ, ಗಡುವಿನೊಳಗೆ ಕಟ್ಟಿದರೆ 3% ರಿಯಾಯಿತಿ, ಅಂದರೆ 4% ಬೀಳುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಅಪ್ಪ ಅದನ್ನು ಹೇಗೆ ಕಟ್ಟುತ್ತಿದ್ದ? ಗಡುವು ಬರುವ ಹೊತ್ತಿಗೆ ಮಾಲು ಇನ್ನೂ ಮಾರಿರುತ್ತಿರಲಿಲ್ಲ. ಊರಲ್ಲಿ ಒಬ್ಬರ ಹತ್ತಿರ ಎರಡು ಮೂರು ದಿನಕ್ಕೆ ಅಂತ ಕೈಗಡ ತಂದು, ಬ್ಯಾಂಕಿಗೆ ಕಟ್ಟಿ, ರಿನಿವಲ್ ಮಾಡಿಸಿ, ಅದೇ ಹಣ ತೆಗೆದು ಆ ಮನುಷ್ಯನಿಗೆ ವಾಪಸ್ ಕೊಡುತ್ತಿದ್ದ, ಜೊತೆಗೆ ಅವನ ಬಡ್ಡಿ ಬೇರೆ. ಇಷ್ಟು ವರ್ಷ ನಡೆದದ್ದು ನನಗೆ ಗೊತ್ತೇ ಇರಲಿಲ್ಲ. ಕೇಳಿ ಬೇಜಾರಾಯಿತು. ಬ್ಯಾಂಕಿಗೆ ಯಾಕೆ ಸೇರಬೇಕು ಅನ್ನುವ ಪ್ರಶ್ನೆಗೆ ನನಗೆ ನಿಜವಾದ ಉತ್ತರ ಸಿಕ್ಕಿದ್ದೂ ಅವತ್ತೇ.

ಪುಸ್ತಕದ ಓದನ್ನು ಬಿಡಲಿಲ್ಲ. ಗ್ರಾಮೀಣ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರದ ಪಾಲು 50, ಪ್ರಾಯೋಜಕ ಬ್ಯಾಂಕಿನದು (ಅದರ ಬೆನ್ನಿಗೆ ನಿಂತ ದೊಡ್ಡ ಬ್ಯಾಂಕ್) 35, ರಾಜ್ಯದ್ದು 15. ಮೊದಲ ಬ್ಯಾಂಕುಗಳು ತೆರೆದದ್ದು 1975ರ ಅಕ್ಟೋಬರ್ 2ರಂದು, ಕಾಯ್ದೆ 1976ರದ್ದು. ನಾನು ತಯಾರಾಗುವಾಗ ಕರ್ನಾಟಕದಲ್ಲಿ ಎರಡು ಗ್ರಾಮೀಣ ಬ್ಯಾಂಕ್ ಇದ್ದವು, 2025ರ ಮೇ 1ರಿಂದ ಅವು ಒಂದಾಗಿವೆ, ಮುಖ್ಯ ಕಚೇರಿ ಬಳ್ಳಾರಿ. ಈಗ ಹೋಗುವವರು ಹಳೆಯ ನೋಟ್ಸ್ ಇಟ್ಟುಕೊಂಡಿದ್ದರೆ ಇದನ್ನು ತಿದ್ದಿಕೊಳ್ಳಿ.

ಮಾತಿನ ಅಭ್ಯಾಸಕ್ಕೆ ಗೆಳತಿಯೊಬ್ಬಳ ಜೊತೆ ರಾತ್ರಿ ಫೋನಿನಲ್ಲಿ ಅರ್ಧ ಗಂಟೆ. ಅವಳು ನನ್ನ ಬಯೋಡೇಟಾ ನೋಡಿ ಕೇಳುವುದು, ನಾನು ಹೇಳುವುದು, ಅದನ್ನು ರೆಕಾರ್ಡ್ ಮಾಡಿ ಬೆಳಗ್ಗೆ ಕೇಳುವುದು. ಒಂದು ವಿಷಯ ಗೊತ್ತಾಯಿತು, ಉತ್ತರ ಮುಗಿದ ಮೇಲೂ ನಾನು ಎಳೆಯುತ್ತಿದ್ದೆ. ಹೇಳುವುದು ಮುಗಿದರೆ ಸುಮ್ನೆ ನಿಲ್ಲಿಸಬೇಕು, ಅದಕ್ಕೇ ಜಾಸ್ತಿ ಅಭ್ಯಾಸ ಬೇಕಾಯಿತು. "ಗೊತ್ತಿಲ್ಲ ಸರ್" ಅನ್ನುವುದನ್ನೂ ಹೇಳಿ ಹೇಳಿ ರೂಢಿ ಮಾಡಿಕೊಂಡೆ.

ದಾಖಲೆಯ ವಿಷಯ ಒಂದು ಹೇಳಿಬಿಡುತ್ತೇನೆ. ನಾಡಕಚೇರಿಯಿಂದ ತಂದ 2ಎ, 3ಬಿ ಪ್ರಮಾಣಪತ್ರ ಇದ್ದರೆ ಸಾಕು ಅಂದುಕೊಳ್ಳಬೇಡಿ. ಒಬಿಸಿ ಅಂತ ಅರ್ಜಿ ಹಾಕಿದವರಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇಕು, ನಾನ್ ಕ್ರೀಮಿ ಲೇಯರ್ ಅನ್ನುವ ಸಾಲು ಅದರಲ್ಲಿ ಇರಬೇಕು. ಜೊತೆಗೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ. ಅವತ್ತು ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಒಬ್ಬ ಹುಡುಗ ಇದೇ ಕಾರಣಕ್ಕೆ ಕಣ್ಣೀರು ಹಾಕಿಕೊಂಡು ನಿಂತಿದ್ದ.

ಒಳಗೆ ಐದು ಜನ ಇದ್ದರು. ಕನ್ನಡದಲ್ಲಿ ಹೇಳಬಹುದಾ ಅಂತ ಕೇಳಿದೆ. "ನಿಮ್ಮ ಗ್ರಾಹಕರು ಯಾವ ಭಾಷೆ ಮಾತಾಡ್ತಾರೋ ಅದರಲ್ಲೇ ಹೇಳಿ" ಅಂದರು. ಗ್ರಾಮೀಣ ಬ್ಯಾಂಕಿಗೆ ಸ್ಥಳೀಯ ಭಾಷೆ ಬರಲೇಬೇಕಲ್ಲ, ಹಾಗಾಗಿ ಕೇಳಲು ಹಿಂಜರಿಯಬೇಡಿ.

ಮೊದಲ ಪ್ರಶ್ನೆ ತುಂಗಭದ್ರಾ ಡ್ಯಾಮಿನದು. ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿತ್ತು, ಒಂದು ವಾರದಲ್ಲಿ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್ ಕೂರಿಸಿದ್ದರು. ಅದು ಸುದ್ದಿಯ ಭಾಗ. ಅವರು ಕೇಳಿದ್ದು, ಆ ವಾರ ನೀವು ಗಂಗಾವತಿ ಕಡೆಯ ಶಾಖೆಯಲ್ಲಿ ಇದ್ದಿದ್ದರೆ ಏನು ಯೋಚನೆ ಮಾಡುತ್ತಿದ್ದಿರಿ ಅಂತ. ಎರಡನೇ ಬೆಳೆಗೆ ನೀರು ಸಿಗದಿದ್ದರೆ ಭತ್ತದ ಸಾಲ ತೀರುವುದು ತಡವಾಗುತ್ತದೆ, ಅಂಥ ರೈತರ ಪಟ್ಟಿ ಮೊದಲೇ ಮಾಡಿಕೊಳ್ಳುತ್ತಿದ್ದೆ ಅಂದೆ. ಆಮೇಲೆ ಮಳೆ ಬಂದು ಡ್ಯಾಮ್ ಮತ್ತೆ ತುಂಬಿತು ಅನ್ನುವುದನ್ನೂ ಸೇರಿಸಿದೆ.

ಮುಂದಿನದು ಬೆಳೆವಿಮೆ. "ಪ್ರೀಮಿಯಂ ಕಡಿತ ಆಗಿದೆ, ನನ್ನ ಹೊಲ ಒಣಗಿದೆ, ಪರಿಹಾರ ಯಾಕಿಲ್ಲ ಅಂತ ರೈತ ಜಗಳಕ್ಕೆ ಬಂದರೆ?" ಇಳುವರಿ ನಷ್ಟವನ್ನು ಒಬ್ಬೊಬ್ಬರ ಹೊಲ ನೋಡಿ ಲೆಕ್ಕ ಹಾಕುವುದಿಲ್ಲ, ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ ಮಟ್ಟ, ಉಳಿದವಕ್ಕೆ ಹೋಬಳಿ ಮಟ್ಟ, ಆಯ್ದ ಹೊಲಗಳಲ್ಲಿ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗದ ಸರಾಸರಿ ಇಳುವರಿ ಮೇಲೆ ನಿರ್ಧಾರ ಆಗುತ್ತದೆ ಅಂತ ವಿವರಿಸಿದೆ. ಮೊದಲು ಅವರನ್ನು ಕೂರಿಸಿ, ರಾಜ್ಯದ ಬೆಳೆವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ಅವರ ಅರ್ಜಿ ತೆಗೆದು ತೋರಿಸುತ್ತೇನೆ ಅಂದೆ. ನಮ್ಮಪ್ಪನಿಗೆ ಯಾರೂ ಅದನ್ನು ತೋರಿಸಿರಲಿಲ್ಲ, ಅದನ್ನೂ ಹೇಳಿದೆ.

ಬ್ಯಾಂಕಿಗೆ ಯಾಕೆ ಅಂದಾಗ ಕೈಗಡದ ಕತೆ ಹೇಳಿದೆ. ಮಧ್ಯದಲ್ಲಿ ಕೂತಿದ್ದ ಹಿರಿಯರು ಪೆನ್ನು ಕೆಳಗಿಟ್ಟರು. "ಬ್ಯಾಂಕಿನ ಲೆಕ್ಕದಲ್ಲಿ ಆ ಸಾಲ ಸರಿಯಾಗಿದೆಯಲ್ಲ, ಆಫೀಸರ್ ಆಗಿ ನಿನಗೇನು ತೊಂದರೆ?" ಅಂದರು. ಲೆಕ್ಕ ಸರಿ ಇದೆ, ರೈತನ ಕೈ ಖಾಲಿ ಆಗಿದೆ ಸರ್, ಸಾಲ ಕೊಡುವಾಗಲೇ ಆ ಬೆಳೆ ಮಾರಾಟವಾಗುವ ತಿಂಗಳು ನೋಡಿ ಗಡುವು ಹಾಕಿದರೆ, ಒಂದು ತಿಂಗಳು ಮುಂಚೆ ಫೋನ್ ಮಾಡಿ ನೆನಪಿಸಿದರೆ, ಸ್ವಲ್ಪ ಜನರಾದರೂ ಕೈಗಡಕ್ಕೆ ಹೋಗುವುದು ತಪ್ಪುತ್ತದೆ ಅಂದೆ. ಇದರ ಮೇಲೆಯೇ ನಾಲ್ಕೈದು ನಿಮಿಷ ಮಾತು ನಡೆಯಿತು. ಅವರು ನನ್ನ ಮಾತನ್ನು ಪೂರ್ತಿ ಒಪ್ಪಲಿಲ್ಲ, ಶಾಖೆಯಲ್ಲಿ ಇರುವ ಸಿಬ್ಬಂದಿ ಎಷ್ಟು ಅಂತ ಕೇಳಿದರು, ನಾನೂ ಅದು ಕಷ್ಟ ಅಂತ ಒಪ್ಪಿಕೊಂಡೆ.

ಕೊನೆಗೆ ಗ್ರಾಮೀಣ ಬ್ಯಾಂಕುಗಳ ಬಂಡವಾಳ ಪರ್ಯಾಪ್ತತೆ ಅನುಪಾತದ ಬಗ್ಗೆ, ಅಂದರೆ ಕೊಟ್ಟ ಸಾಲದ ಅಪಾಯಕ್ಕೆ ಎದುರಾಗಿ ಬ್ಯಾಂಕ್ ಇಟ್ಟುಕೊಳ್ಳಬೇಕಾದ ಬಂಡವಾಳದ ಬಗ್ಗೆ ಒಂದು ಪ್ರಶ್ನೆ. ಗೊತ್ತಿಲ್ಲ ಸರ್, ನೋಡಿಕೊಳ್ಳುತ್ತೇನೆ ಅಂದು ನಿಲ್ಲಿಸಿದೆ. ಅವರು ತಲೆಯಾಡಿಸಿ ಮುಂದಕ್ಕೆ ಹೋದರು, ಅಷ್ಟೇ.

ಫಲಿತಾಂಶ ಜನವರಿಯಲ್ಲಿ ಬಂತು. ಸಂದರ್ಶನದಲ್ಲಿ 71 ಇತ್ತು. ಅವ್ವನಿಗೆ ಫೋನ್ ಮಾಡಿದಾಗ ಅವಳು ಸಂಘದ ಸಭೆಯಲ್ಲಿದ್ದಳು, ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದಳು.