ಗಾಡಿ ಟೇಬಲ್ ಹತ್ತಿರ ಬಂದಾಗ ಏನು ಹೇಳಬೇಕು?

ಬೇ ಏರಿಯಾದಲ್ಲಿ ಕೆಲಸಕ್ಕೆ ಸೇರಿದವರನ್ನು ಒಂದಲ್ಲ ಒಂದು ದಿನ ಟೀಮ್ ಡಿನ್ನರ್ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಹೌಸ್ ಆಫ್ ಪ್ರೈಮ್ ರಿಬ್ ಎಂಬ ಬೀಫ್ ಹೋಟೆಲ್‌ಗೆ ಕರೆದುಕೊಂಡು ಹೋಗುತ್ತಾರೆ. ವ್ಯಾನ್ ನೆಸ್ ಅವೆನ್ಯೂದಲ್ಲಿ 1949ರಿಂದ ನಡೆಯುತ್ತಿರುವ ಜಾಗ ಅದು. ಲಾಸ್ ಏಂಜಲಿಸ್ ಕಡೆಯವರಾದರೆ ಬೆವರ್ಲಿ ಹಿಲ್ಸ್‌ನ ಲಾರೀಸ್‌ಗೆ ಹೋಗುತ್ತಾರೆ. ಅದು 1938ರದ್ದು. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಲಾರೀಸ್ ಸೀಸನ್ಡ್ ಸಾಲ್ಟ್ ಹುಟ್ಟಿದ್ದು ಆ ಅಡುಗೆಮನೆಯಲ್ಲೇ. ಎರಡೂ ಕಡೆ ಊಟದ ಕ್ರಮ ಹೆಚ್ಚುಕಡಿಮೆ ಒಂದೇ. ನಮ್ಮವರಲ್ಲಿ ಬೀಫ್ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ, ಮಾಂಸವನ್ನೇ ಮುಟ್ಟದವರೂ ಇದ್ದಾರೆ. ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೆನು ಬಹಳ ಚಿಕ್ಕದು. ದನದ ಪಕ್ಕೆಲುಬಿನ ಭಾಗದ ದೊಡ್ಡ ತುಂಡನ್ನು ಕಲ್ಲುಪ್ಪಿನಲ್ಲಿ ಮುಚ್ಚಿ, ಓವನ್‌ನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಇದೇ ಪ್ರೈಮ್ ರಿಬ್. ಸ್ಟೀಕ್ ಬೇರೆ: ಅದನ್ನು ಮೊದಲು ಕತ್ತರಿಸಿ, ಆಮೇಲೆ ಜೋರು ಉರಿಯಲ್ಲಿ ಸುಡುತ್ತಾರೆ. ಇಲ್ಲಿ ಮೊದಲು ಬೇಯುತ್ತದೆ, ಕತ್ತರಿಸುವುದು ನಿಮ್ಮ ಕಣ್ಣೆದುರಿಗೆ. ಇನ್ನೊಂದು ಮಾತು. ಹೆಸರಲ್ಲಿ 'ಪ್ರೈಮ್' ಇದ್ದ ಮಾತ್ರಕ್ಕೆ ಅದು ಸರ್ಕಾರದ ಪ್ರೈಮ್ ಗ್ರೇಡ್ ಮಾಂಸ ಆಗಿರಲೇಬೇಕು ಅಂತಿಲ್ಲ. ಅಮೆರಿಕದ ಕೃಷಿ ಇಲಾಖೆ ಮಾಂಸದೊಳಗೆ ಕೊಬ್ಬು ಎಷ್ಟು ಹರಡಿದೆ ಅಂತ ನೋಡಿ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ಗ್ರೇಡ್ ಕೊಡುತ್ತದೆ. ಬೇರೆ ಕಡೆ ತಿನ್ನುವಾಗ, ದುಡ್ಡು ಜಾಸ್ತಿ ಅನ್ನಿಸಿದರೆ ಗ್ರೇಡ್ ಯಾವುದು ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ಗಾಡಿ. ಗುಮ್ಮಟದ ಹಾಗೆ ಮುಚ್ಚಳ ಇರುವ, ಮಿರಮಿರ ಹೊಳೆಯುವ ದೊಡ್ಡ ಲೋಹದ ಗಾಡಿ ಟೇಬಲ್‌ಗಳ ನಡುವೆ ಉರುಳಿಕೊಂಡು ಬರುತ್ತದೆ. ಉದ್ದ ಬಿಳಿ ಟೋಪಿ ಹಾಕಿದವರು ಮುಚ್ಚಳ ಸರಿಸುತ್ತಾರೆ. ಹಬೆ ಏಳುತ್ತದೆ, ಒಳಗೆ ಮಾಂಸದ ದೊಡ್ಡ ದೊಡ್ಡ ತುಂಡುಗಳು ಸಾಲಾಗಿ ನಿಂತಿರುತ್ತವೆ. ಉದ್ದನೆಯ ಚಾಕು ಒಂದೇ ಸಲ ಸರ್ರನೆ ಇಳಿಯುತ್ತದೆ. ಈ ಪದ್ಧತಿ ಲಂಡನ್ ಕಡೆಯಿಂದ ಬಂದದ್ದು. ಅಲ್ಲಿನ ಸಿಂಪ್ಸನ್ಸ್ ಎಂಬ ಹೋಟೆಲ್ 1828ರಲ್ಲಿ ಸಿಗಾರ್ ಸೇದುವವರ ಜಾಗವಾಗಿ ಶುರುವಾಗಿ, ಆಮೇಲೆ ಚೆಸ್ ಆಡುವವರ ಅಡ್ಡೆಯಾಯಿತು. ಆಟ ಕೆಡಬಾರದು ಅಂತ ಮಾಂಸವನ್ನೇ ಗಾಡಿಯಲ್ಲಿಟ್ಟು ಟೇಬಲ್ ಹತ್ತಿರ ತರುತ್ತಿದ್ದರಂತೆ.

ನಿಮ್ಮನ್ನು ಕೇಳುವುದು ಮುಖ್ಯವಾಗಿ ಎರಡೇ ಪ್ರಶ್ನೆ. ಯಾವ ಕಟ್, ಯಾವ ಹದ, ಅಂದರೆ ಎಷ್ಟು ಬೆಂದಿರಬೇಕು.

ಕಟ್ ಸುಲಭ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಟಿ ಕಟ್ ಅಂದರೆ ಚಿಕ್ಕ ತುಂಡು, ಇಂಗ್ಲಿಷ್ ಕಟ್ ಅಂದರೆ ತೆಳುವಾದ ಹೋಳುಗಳು, ಕಿಂಗ್ ಹೆನ್ರಿ ಅಂದರೆ ತಟ್ಟೆ ತುಂಬುವಷ್ಟು. ಮೊದಲ ಸಲ ಚಿಕ್ಕದೇ ಸಾಕು.

ಹದದ ವಿಷಯ ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು. ನಾನು ಮಂಗಳೂರಿನ ಕಡೆಯವನು. ನಮ್ಮ ಮನೆಯಲ್ಲಿ ಬೀಫ್ ಅಂದರೆ ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಬೇಕು, ಬೆರಳಲ್ಲಿ ಒತ್ತಿದರೆ ಬಿಡಿಸಿಕೊಳ್ಳಬೇಕು. ಇಲ್ಲಿ ಮೊದಲ ಸಲ ಬಂದ ತಟ್ಟೆಯಲ್ಲಿ ಮಧ್ಯದಲ್ಲೆಲ್ಲ ಗುಲಾಬಿ ಬಣ್ಣ, ಸುತ್ತ ಕೆಂಪು ನೀರು. ರಕ್ತ ಅಂದುಕೊಂಡು ಚಾಕು ಕೆಳಗಿಟ್ಟೆ. ಅದು ರಕ್ತವಲ್ಲ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ನೀರಿನ ಜೊತೆ ಸೇರಿ ಕೆಂಪಾಗಿ ಕಾಣುತ್ತದೆ. ಒಳಗಿನ ಬಿಸಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಇದ್ದರೆ ರೇರ್, 55ರ ಹತ್ತಿರ ಮೀಡಿಯಂ ರೇರ್, 60ರ ಸುತ್ತ ಮೀಡಿಯಂ, 70 ದಾಟಿದರೆ ವೆಲ್ ಡನ್. ಇಡೀ ತುಂಡಿನ ಮಾಂಸಕ್ಕೆ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ, ಆಮೇಲೆ 3 ನಿಮಿಷ ಬಿಡಬೇಕು ಅಂತ. ಬಸುರಿಯರು, ಆರೋಗ್ಯ ಸೂಕ್ಷ್ಮವಾಗಿರುವವರು ಈ ಮಾತನ್ನು ಪಾಲಿಸಲೇಬೇಕು. ಉಳಿದವರಿಗೆ ನನ್ನ ಸಲಹೆ: ಮೀಡಿಯಂ ಅನ್ನಿ. ಸಾಲದು ಅನ್ನಿಸಿದರೆ ಇನ್ನೂ ಸ್ವಲ್ಪ ಬೇಯಿಸಿ ಕೊಡಿ ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಥವಾ ಕೊನೆಯ ತುಂಡು, ಎಂಡ್ ಕಟ್, ಇದೆಯಾ ಅಂತ ವಿಚಾರಿಸಿ. ರೋಸ್ಟ್‌ನ ಎರಡೂ ತುದಿ ಜಾಸ್ತಿ ಬೆಂದಿರುತ್ತದೆ, ಹೊರಗಿನ ಉಪ್ಪು ಖಾರವೂ ಅಲ್ಲೇ ಹತ್ತಿರುತ್ತದೆ. ನಮ್ಮ ನಾಲಿಗೆಗೆ ಅದು ಬೇಗ ಒಗ್ಗುತ್ತದೆ.

ಜೊತೆಗೆ ಬರುವುದು: ಐಸ್ ಮೇಲಿಟ್ಟ ದೊಡ್ಡ ಬಟ್ಟಲನ್ನು ಗಿರಗಿರ ತಿರುಗಿಸುತ್ತಾ ಮೇಲಿಂದ ಡ್ರೆಸ್ಸಿಂಗ್ ಸುರಿದು ಕಲಸುವ ಸಲಾಡ್, ಆಲೂಗಡ್ಡೆ, ಕೆನೆ ಹಾಕಿದ ಪಾಲಕ್, ಯಾರ್ಕ್‌ಶೈರ್ ಪುಡ್ಡಿಂಗ್. ಈ ಪುಡ್ಡಿಂಗ್ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲು ಸೇರಿಸಿ ಕಲಸಿದ ಹಿಟ್ಟು ಓವನ್‌ನಲ್ಲಿ ಪೂರಿ ಹಾಗೆ ಉಬ್ಬಿ ಒಳಗೆ ಟೊಳ್ಳಾಗಿರುತ್ತದೆ. ಬಿಳಿ ಬಣ್ಣದ ಹಾರ್ಸ್‌ರ್ಯಾಡಿಶ್ ಅನ್ನು ಚಟ್ನಿ ಅಂದುಕೊಂಡು ಚಮಚ ತುಂಬಾ ಹಾಕಿಕೊಳ್ಳಬೇಡಿ. ಸಾಸಿವೆ ಜಾತಿಯ ಬೇರು ಅದು, ಘಾಟು ನೇರ ಮೂಗಿಗೆ ಹೋಗುತ್ತದೆ.

ಸಸ್ಯಾಹಾರಿಗಳು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಟೀಮಿನಲ್ಲಿ ದಾವಣಗೆರೆಯ ಹುಡುಗಿ ಒಬ್ಬಳಿದ್ದಳು. ಇಂಥದ್ದೇ ಬೇರೊಂದು ಹೋಟೆಲ್‌ನಲ್ಲಿ 'ವೆಜಿಟೇರಿಯನ್' ಅಂತ ಹೇಳಿಯೇ ಪಾಲಕ್ ತರಿಸಿಕೊಂಡಳು. ಎರಡು ಚಮಚ ತಿಂದ ಮೇಲೆ ಹಲ್ಲಿಗೆ ಏನೋ ಸಿಕ್ಕಿತು. ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸದ ಚೂರು. ಅವಳು ಒಂದು ಮಾತೂ ಆಡದೆ ತಟ್ಟೆ ಸರಿಸಿ, ನೀರು ಕುಡಿದು, ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲೇ ಇದ್ದೂ ಮೊದಲೇ ಎಚ್ಚರಿಸಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಸಂಕಟ. ಹಳೆಯ ಕಾಲದ ಈ ಅಡುಗೆಯಲ್ಲಿ ಪಾಲಕ್‌ಗೆ ಬೇಕನ್ ಹಾಕುವುದು ಮಾಮೂಲು. ಯಾರ್ಕ್‌ಶೈರ್ ಪುಡ್ಡಿಂಗ್‌ಗೆ ದನದ ಕೊಬ್ಬು ಬಳಸುವುದು ಇಂಗ್ಲಿಷರ ರೂಢಿ. ಬೇಯಿಸಿದ ಆಲೂಗಡ್ಡೆ ಮೇಲೂ ಬೇಕನ್ ಉದುರಿಸುತ್ತಾರೆ. ವೂಸ್ಟರ್‌ಶೈರ್ ಸಾಸ್ ಇರುವ ಡ್ರೆಸ್ಸಿಂಗ್‌ನಲ್ಲಿ ಮೀನು ಇರುತ್ತದೆ. ಹಾಗಾಗಿ ಸುಮ್ನೆ 'ವೆಜಿಟೇರಿಯನ್' ಅಂದರೆ ಸಾಲದು. ಮಾಂಸ, ಮೀನು, ಬೇಕನ್, ಮಾಂಸದ ಕೊಬ್ಬು, ಮಾಂಸದ ಸಾರು ಯಾವುದೂ ಬೇಡ ಅಂತ ಒಂದೊಂದಾಗಿ ಹೇಳಿ. ಹಿಂದಿನ ದಿನವೇ ಫೋನ್ ಮಾಡಿ ಕೇಳಿದರೆ ಇನ್ನೂ ಒಳ್ಳೆಯದು. ಹಲಾಲ್ ಬೇಕಾದವರೂ ಹಾಗೇ ಫೋನ್‌ನಲ್ಲೇ ವಿಚಾರಿಸಿ.

ಬೀಫ್ ಮಾತ್ರ ಬೇಡ ಅನ್ನುವವರಿಗೆ ಇಂಥ ಕಡೆ ಸಾಮಾನ್ಯವಾಗಿ ಮೀನು ಇರುತ್ತದೆ, ಸ್ಟೀಕ್ ಹೌಸ್‌ಗಳಲ್ಲಿ ಕುರಿಮರಿ ಮಾಂಸವೂ ಸಿಗುತ್ತದೆ. ನ್ಯೂಯಾರ್ಕ್‌ಗೆ ಹೋದರೆ 1885ರ ಕೀನ್ಸ್‌ಗೆ ಹೋಗಿ. ಅದು ಹೆಸರಾಗಿರುವುದೇ ಮಟನ್ ಚಾಪ್‌ಗೆ. ಒಂದು ವ್ಯತ್ಯಾಸ ನೆನಪಿರಲಿ: ಪ್ರೈಮ್ ರಿಬ್ ಹೋಟೆಲ್‌ಗಳಲ್ಲಿ ಜೊತೆಯ ಹೆಚ್ಚಿನ ಪದಾರ್ಥಗಳ ಬೆಲೆ ಊಟದಲ್ಲೇ ಸೇರಿರುತ್ತದೆ, ಸ್ಟೀಕ್ ಹೌಸ್‌ಗಳಲ್ಲಿ ಆಲೂಗಡ್ಡೆಗೂ ಸೊಪ್ಪಿಗೂ ಬೇರೆ ಬೇರೆ ಬಿಲ್.

ಬಿಲ್ ಮೇಲೆ ತೆರಿಗೆ ಸೇರುತ್ತದೆ. ತೆರಿಗೆಗೆ ಮುಂಚಿನ ಮೊತ್ತದ ಮೇಲೆ 18ರಿಂದ 20 ಶೇಕಡಾ ಟಿಪ್ ಕೊಡುವುದು ರೂಢಿ. ಗುಂಪು ದೊಡ್ಡದಾದರೆ ಕೆಲವು ಕಡೆ ಬಿಲ್‌ನಲ್ಲೇ ಹಾಕಿರುತ್ತಾರೆ, ನೋಡಿ ಕೊಡಿ. ಟೇಬಲ್ ಸಿಗಬೇಕಾದರೆ ವಾರಗಟ್ಟಲೆ ಮೊದಲೇ ಬುಕ್ ಮಾಡಬೇಕು.

ಉಳಿದದ್ದನ್ನು ಡಬ್ಬಿಗೆ ಹಾಕಿಕೊಡಿ ಅಂತ ಕೇಳಲು ನಾಚಿಕೆ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ. ಮೂಳೆ ಇರುವ ತುಂಡಾದರೆ ಮೂಳೆಯನ್ನೂ ಬಿಡಬೇಡಿ. ನಾನು ಮರುದಿನ ಅದನ್ನು ಕಾಳುಮೆಣಸು, ಶುಂಠಿ, ಈರುಳ್ಳಿ ಹಾಕಿ ಕುದಿಸುತ್ತೇನೆ. ಮಾಂಸವನ್ನು ಸಣ್ಣಗೆ ಹೆಚ್ಚಿ, ಕರಿಬೇವು, ಕೊಬ್ಬರಿ ಚೂರಿನ ಜೊತೆ ಹುರಿದರೆ ಬಿಸಿ ಅನ್ನಕ್ಕೆ ಎರಡು ಹೊತ್ತಿಗೆ ಆಗುತ್ತದೆ.